ಒತ್ತಕ್ಷರ ಕೆಡದ ಪುಟ್ಟ ಬ್ರೌಸರ್: ನೆಟ್‌ಸರ್ಫ್ ಜೊತೆ ನಾಲ್ಕು ವರ್ಷ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಸಾಗರದ ಹತ್ತಿರದ ಹಳ್ಳಿಯಲ್ಲಿ, ಮನೆಯಲ್ಲೇ ಕುಳಿತು ಮಾಡುತ್ತೇನೆ. ಲೇಖಕರು ಬರೆದ ಇಸವಿ ಸರಿಯೇ, ಊರಿನ ಹೆಸರು ಸರಿಯೇ, ಉದ್ಧರಿಸಿದ ವಚನದಲ್ಲಿ ಸಾಲು ಬಿಟ್ಟುಹೋಗಿದೆಯೇ ಎಂದು ದಿನಕ್ಕೆ ನಲವತ್ತು ಐವತ್ತು ಸಲವಾದರೂ ಅಂತರಜಾಲದಲ್ಲಿ ನೋಡಬೇಕಾಗುತ್ತದೆ. ನನ್ನ ಲ್ಯಾಪ್‌ಟಾಪ್ ಕೊಂಡದ್ದು 2011ರಲ್ಲಿ. ಅದರ ರ್‍ಯಾಮ್ 2 ಜಿಬಿ. ದೊಡ್ಡ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯುವಷ್ಟರಲ್ಲಿ ಅದರ ಹಾರ್ಡ್‌ಡಿಸ್ಕ್ ಕರಕರ ಸದ್ದು ಮಾಡತೊಡಗುತ್ತಿತ್ತು. ಒಂದು ಇಸವಿ ನೋಡಿ ಕರಡಿಗೆ ಮರಳುವ ಹೊತ್ತಿಗೆ ಯಾವ ವಾಕ್ಯದಲ್ಲಿದ್ದೆ ಎಂಬುದೇ ಮರೆತುಹೋಗಿರುತ್ತಿತ್ತು.

ಆ ಕಾರಣಕ್ಕೆ 2021ರ ಮಳೆಗಾಲದಲ್ಲಿ ಹಗುರವಾದ ಬ್ರೌಸರ್ ಹುಡುಕಲು ಹೊರಟೆ. ಕೊನೆಗೆ ನೆಚ್ಚಿಕೊಂಡದ್ದು ನೆಟ್‌ಸರ್ಫ್ ಅನ್ನು. ಓದುವುದಕ್ಕೆ ಇದರಷ್ಟು ಹಿತವಾದದ್ದು ನನಗೆ ಬೇರೊಂದು ಸಿಕ್ಕಿಲ್ಲ. ಹಣ ಕಟ್ಟುವುದಕ್ಕೆ, ಅರ್ಜಿ ತುಂಬುವುದಕ್ಕೆ ಇದನ್ನು ಬಳಸಲೇಬಾರದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ಮೊದಲು ಹಾಕಿಕೊಂಡದ್ದು ಡಿಲ್ಲೊ. 1999ರ ಡಿಸೆಂಬರ್‌ನಲ್ಲಿ ಆರಂಭವಾದ ಯೋಜನೆ ಅದು. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ; ಕ್ಲಿಕ್ ಮಾಡಿದ ಬೆರಳು ಎತ್ತುವ ಮೊದಲೇ ಪುಟ ಮುಂದಿರುತ್ತದೆ. ಆದರೆ ಕನ್ನಡದ ಪುಟ ತೆರೆದಾಗ ನನಗೆ ಎದೆ ಹಿಂಡಿದಂತಾಯಿತು. ‘ಕನ್ನಡ’ ಎಂಬ ಪದವೇ ‘ಕನ್‌ನಡ’ ಎಂದು ಬಿಡಿಸಿಕೊಂಡು ನಿಂತಿತ್ತು. ‘ಪ್ರೀತಿ’ಯ ರಕಾರ ಪಕಾರದ ಕೆಳಗೆ ಇಳಿಯದೆ ಪಕ್ಕದಲ್ಲಿ ಕುಳಿತಿತ್ತು. ‘ಸೂರ್ಯ’ದಲ್ಲಿ ಅರ್ಕಾವೊತ್ತೂ ಇರಲಿಲ್ಲ, ಯಕಾರದ ಒತ್ತೂ ಇರಲಿಲ್ಲ.

ಕಾರಣ ಸರಳ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕ್ಷ’ ಎಂಬುದು ಒಂದೇ ಸಂಕೇತವಾಗಿ ಇರುವುದಿಲ್ಲ. ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತಗಳು ಸಾಲಾಗಿ ಇರುತ್ತವೆ. ಅವನ್ನು ಸೇರಿಸಿ ಒತ್ತಕ್ಷರವಾಗಿ ಕಟ್ಟುವ ಕೆಲಸ ಬೇರೊಂದು ತಂತ್ರಾಂಶದ್ದು. ನನ್ನ ಯಂತ್ರದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ಯಾಂಗೊ ಮತ್ತು ಹರ್ಫ್‌ಬಜ್ ಎಂಬ ಎರಡು ಲೈಬ್ರರಿಗಳು ಸೇರಿ ಇದನ್ನು ಮಾಡುತ್ತವೆ. ನಾನು ಹಾಕಿಕೊಂಡಿದ್ದ ಡಿಲ್ಲೊ ಹಗುರವಾಗಿರುವ ಸಲುವಾಗಿ ಎಫ್‌ಎಲ್‌ಟಿಕೆ ಎಂಬ ಚಿಕ್ಕ ಸಲಕರಣೆಯನ್ನು ಆಧರಿಸಿತ್ತು. ಅದು ಸಂಕೇತಗಳನ್ನು ಬಂದ ಕ್ರಮದಲ್ಲೇ ಒಂದರ ಪಕ್ಕ ಒಂದರಂತೆ ಬರೆದುಬಿಡುತ್ತಿತ್ತು. ಇಂಗ್ಲಿಷ್ ಓದುಗರಿಗೆ ಇದರಿಂದ ಏನೂ ನಷ್ಟವಿಲ್ಲ. ನಮಗೆ ಲಿಪಿಯೇ ಹೋಯಿತು. ಹಗುರವಾದ ತಂತ್ರಾಂಶವನ್ನು ಹೊಗಳುವವರು ಈ ಮಾತನ್ನು ಬಹಳ ಸಲ ಮರೆಯುತ್ತಾರೆ: ಬಿಟ್ಟ ಭಾರದಲ್ಲಿ ಯಾರ ಅಕ್ಷರ ಇತ್ತು ಎಂದು ಕೇಳಿಕೊಳ್ಳಬೇಕು.

ನೆಟ್‌ಸರ್ಫ್‌ನ ಹುಟ್ಟು 2002ರದ್ದು, ರಿಸ್ಕ್ ಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ. ಅದರ ಲಿನಕ್ಸ್ ರೂಪ ಅಕ್ಷರ ಮೂಡಿಸಲು ಪ್ಯಾಂಗೊವನ್ನು ಬಳಸುತ್ತದೆ. ಹೀಗಾಗಿ ಕನ್ನಡ ವಿಕಿಪೀಡಿಯದ ಮುಖಪುಟ ತೆರೆದಾಗ ಒತ್ತಕ್ಷರ, ಅರ್ಕಾವೊತ್ತು, ದೀರ್ಘ, ಎಲ್ಲವೂ ಅಚ್ಚುಕಟ್ಟಾಗಿ ತಮ್ಮ ತಮ್ಮ ಜಾಗದಲ್ಲಿದ್ದವು. ಆ ದಿನ ವಿಕಿಸೋರ್ಸ್‌ನಲ್ಲಿ ವಚನಗಳನ್ನು ರಾತ್ರಿ ಹನ್ನೊಂದರವರೆಗೆ ಓದಿದೆ, ಕೆಲಸಕ್ಕಾಗಿ ಅಲ್ಲದೆ ಸುಮ್ಮನೆ.

ವೇಗದ ವಿಷಯ. ನನ್ನ ಯಂತ್ರದಲ್ಲಿ ಇದು ಎರಡು ಸೆಕೆಂಡಿನೊಳಗೆ ತೆರೆದುಕೊಳ್ಳುತ್ತದೆ. ಐದಾರು ವಿಕಿಪೀಡಿಯ ಲೇಖನಗಳನ್ನು ತೆರೆದಿಟ್ಟಾಗಲೂ ಇದು ಹಿಡಿಯುವ ಸ್ಮೃತಿ ನೂರು ಎಂಬಿಯ ಆಸುಪಾಸಿನಲ್ಲಿರುತ್ತದೆ. ಅದೇ ಪುಟಗಳಿಗೆ ದೊಡ್ಡ ಬ್ರೌಸರ್ ಇದರ ಏಳೆಂಟು ಪಟ್ಟು ಕೇಳುತ್ತಿತ್ತು. ಪಕ್ಕದಲ್ಲಿ ಲಿಬ್ರೆ ಆಫೀಸ್‌ನಲ್ಲಿ ನಾನೂರು ಪುಟದ ಕಾದಂಬರಿ ತೆರೆದಿದ್ದರೂ ಈಗ ಹಾರ್ಡ್‌ಡಿಸ್ಕ್ ಸದ್ದು ಮಾಡುವುದಿಲ್ಲ. ಮಳೆ ಜೋರಾದ ದಿನಗಳಲ್ಲಿ ನಮ್ಮೂರಿನಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿಯುತ್ತದೆ. ಆಗ ಜಾವಾಸ್ಕ್ರಿಪ್ಟ್ (ಪುಟದ ಜೊತೆ ಬಂದು ಬ್ರೌಸರ್‌ನೊಳಗೆ ಓಡುವ ಪ್ರೋಗ್ರಾಂ) ನಿಲ್ಲಿಸಿಟ್ಟ ಈ ಬ್ರೌಸರ್‌ನಲ್ಲಿ ಪಠ್ಯ ಮಾತ್ರ ಇಳಿದು ಬಂದು ಓದಲು ಸಿಗುತ್ತದೆ. ಬೇರೆಡೆ ಚಕ್ರ ತಿರುಗುತ್ತಲೇ ಇರುತ್ತದೆ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ತಾಣಗಳು ತಮ್ಮ ಜೊತೆ ಕಳಿಸುವ ಅಕ್ಷರಶೈಲಿಗಳನ್ನು ನೆಟ್‌ಸರ್ಫ್ ಇಳಿಸಿಕೊಳ್ಳುವುದಿಲ್ಲ. ನನ್ನ ಯಂತ್ರದಲ್ಲಿರುವ ಅಕ್ಷರಗಳಲ್ಲೇ ಎಲ್ಲ ಪುಟಗಳೂ ಕಾಣುತ್ತವೆ. ಬಾಗಿ ಬಳುಕಿ, ತೆಳ್ಳಗಾಗಿ, ಬೂದುಬಣ್ಣಕ್ಕೆ ತಿರುಗಿದ ಅಲಂಕಾರದ ಕನ್ನಡವನ್ನು ಓದಿ ಓದಿ ನನ್ನ ಕಣ್ಣು ಸೋತಿತ್ತು. ಈಗ ಎಲ್ಲವೂ ಒಂದೇ ದುಂಡು ಅಕ್ಷರದಲ್ಲಿದೆ. ಅಕ್ಷರದ ಕನಿಷ್ಠ ಗಾತ್ರವನ್ನೂ ಆಯ್ಕೆಗಳಲ್ಲಿ ನಿಗದಿ ಮಾಡಿಟ್ಟಿದ್ದೇನೆ. ಐವತ್ತು ದಾಟಿದವರಿಗೆ ಇದೊಂದೇ ಸಾಕು.

ಇನ್ನು ತೆರಬೇಕಾದ ಬೆಲೆ. ನೆಟ್‌ಸರ್ಫ್ ಕ್ರೋಮ್‌ನ ಇಂಜಿನ್ನನ್ನಾಗಲಿ ಫೈರ್‌ಫಾಕ್ಸ್‌ನದ್ದನ್ನಾಗಲಿ ಬಳಸುವುದಿಲ್ಲ. ಪುಟ ಕಟ್ಟುವ ಯಂತ್ರವನ್ನು ಅದರ ಸ್ವಯಂಸೇವಕರು ತಾವೇ ಸಿ ಭಾಷೆಯಲ್ಲಿ ಬರೆದಿದ್ದಾರೆ. ಇಂದಿನ ಪುಟಗಳು ಅಂಕಣಗಳನ್ನು ಜೋಡಿಸಲು ನೆಚ್ಚಿಕೊಂಡಿರುವ ಫ್ಲೆಕ್ಸ್ ಎಂಬ ವಿಧಾನ ಇದಕ್ಕೆ ಬಂದದ್ದು 2023ರ ಡಿಸೆಂಬರ್‌ನಲ್ಲಿ, 3.11ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ 3.10 ಹೊರಬಂದದ್ದು 2020ರಲ್ಲಿ. ಆ ಮೂರು ವರ್ಷದ ನಡುವಿನ ಕಾಲದಲ್ಲಿ ಮೆನುಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿದು ಕೂರುತ್ತಿದ್ದವು, ಲೇಖನ ಆರಂಭವಾಗುವ ಮೊದಲು ಎರಡು ಪರದೆಯಷ್ಟು ಉರುಳಿಸಬೇಕಿತ್ತು. ಈಗ ಸುಧಾರಿಸಿದೆ. ಗ್ರಿಡ್ ವಿಧಾನದಲ್ಲಿ ಕಟ್ಟಿದ ಪುಟಗಳು ಇಂದಿಗೂ ಚದುರಿಯೇ ಕಾಣುತ್ತವೆ.

ಜಾವಾಸ್ಕ್ರಿಪ್ಟ್ ಇದರಲ್ಲಿ ಇದೆ, ಆದರೆ ಅರೆಬರೆ. ಪುಟ ಬಂದ ಮೇಲೆ ಅದರ ರಚನೆಯನ್ನು ಬದಲಿಸುವ ಆಟಗಳೆಲ್ಲ ಇಲ್ಲಿ ನಡೆಯುವುದಿಲ್ಲ. ವಿಡಿಯೊ, ನಕಾಶೆ, ಚಾಟ್ ಯಾವುದನ್ನೂ ಇದರಿಂದ ನಿರೀಕ್ಷಿಸಬಾರದು. ಅಂತರಜಾಲವೂ ಚಿಕ್ಕ ಬ್ರೌಸರ್‌ಗಳಿಂದ ವರ್ಷವರ್ಷಕ್ಕೆ ದೂರ ಸರಿಯುತ್ತಿದೆ. ಜಿಮೇಲ್‌ನ ಸರಳ ಎಚ್‌ಟಿಎಂಎಲ್ ರೂಪ 2024ರಲ್ಲಿ ನಿಂತಿತು. 2025ರ ಆರಂಭದಿಂದ ಗೂಗಲ್ ಹುಡುಕಾಟಕ್ಕೂ ಜಾವಾಸ್ಕ್ರಿಪ್ಟ್ ಬೇಕು. ನಾನು ಡಕ್‌ಡಕ್‌ಗೋ ಎಂಬ ಹುಡುಕಾಟದ ತಾಣದ ಲೈಟ್ ಪುಟವನ್ನು ಮೊದಲ ಪುಟವಾಗಿ ಇಟ್ಟುಕೊಂಡಿದ್ದೇನೆ. ಅದು ಸ್ಕ್ರಿಪ್ಟ್ ಇಲ್ಲದೆಯೇ ಕನ್ನಡದಲ್ಲೂ ಹುಡುಕಿಕೊಡುತ್ತದೆ.

ಗೆರೆ ಎಲ್ಲಿದೆ ಎಂದು ಕಲಿತದ್ದು 2022ರಲ್ಲಿ. ತಮ್ಮನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅವಳ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಇಬ್ಬರೂ ಕುಳಿತೆವು. ಹೆಸರು, ವಿಳಾಸ, ಆದಾಯ ಪ್ರಮಾಣಪತ್ರದ ಸಂಖ್ಯೆ ಎಲ್ಲವನ್ನೂ ನೆಟ್‌ಸರ್ಫ್‌ನಲ್ಲೇ ತುಂಬಿದೆವು. ಆದರೆ ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕುಗಳ ಪಟ್ಟಿ ಬರಲೇ ಇಲ್ಲ, ಸಲ್ಲಿಸುವ ಗುಂಡಿಯೂ ಕದಲಲಿಲ್ಲ. “ದೊಡ್ಡಪ್ಪ, ನಾಳೆಯೇ ಕೊನೆಯ ದಿನ” ಎಂದಳು. ಅವಳ ಮುಖ ನೋಡಲಾಗಲಿಲ್ಲ. ಬೇರೆ ಬ್ರೌಸರ್‌ನಲ್ಲಿ ಮೊದಲಿನಿಂದ ತುಂಬಿ ಮುಗಿಸುವ ಹೊತ್ತಿಗೆ ರಾತ್ರಿ ಒಂದು ಗಂಟೆ. ಅರ್ಜಿ ಹೋಯಿತು, ಹಣವೂ ಬಂತು. ಆದರೆ ಅವಳ ಹಕ್ಕನ್ನು ನನ್ನ ಇಷ್ಟದ ತಂತ್ರಾಂಶದ ಪ್ರಯೋಗಕ್ಕೆ ಒಡ್ಡಿದ್ದು ತಪ್ಪು. ಅಂದಿನಿಂದ ಅರ್ಜಿ, ಬ್ಯಾಂಕು, ವಿದ್ಯುತ್ ಬಿಲ್ಲು, ರೈಲಿನ ಟಿಕೆಟ್ ಇವೆಲ್ಲ ಫೈರ್‌ಫಾಕ್ಸ್‌ನಲ್ಲಿ. ಆ ಸಮಯದಲ್ಲಿ ಬೇರೆಲ್ಲವನ್ನೂ ಮುಚ್ಚಿಡುತ್ತೇನೆ.

ಬ್ಯಾಂಕಿನ ಕೆಲಸವನ್ನು ದೂರ ಇಡಲು ಇನ್ನೊಂದು ಕಾರಣ ಸುರಕ್ಷತೆ. ದೊಡ್ಡ ಬ್ರೌಸರ್‌ಗಳಿಗೆ ಹೆಚ್ಚುಕಡಿಮೆ ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಒಂದೊಂದು ತಾಣವನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟಂತೆ ನಡೆಸುತ್ತವೆ. ನೆಟ್‌ಸರ್ಫ್‌ನಲ್ಲಿ ಎಲ್ಲ ಪುಟಗಳೂ ಒಂದೇ ಪ್ರಕ್ರಿಯೆಯೊಳಗೆ ಓಡುತ್ತವೆ. ಸ್ಕ್ರಿಪ್ಟ್ ನಿಲ್ಲಿಸಿಟ್ಟರೆ ಅಪಾಯದ ದೊಡ್ಡ ಪಾಲು ತಪ್ಪುತ್ತದೆ ಎಂಬುದು ನಿಜ. ಹಾಗೆಂದು ಚಿಕ್ಕದು ಎಂಬ ಕಾರಣಕ್ಕೇ ಅದು ಸುರಕ್ಷಿತ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

‘ಹಗುರ’ ಎಂಬ ಹೆಸರು ಹೊತ್ತ ಬೇರೆ ಕೆಲವನ್ನೂ ನೋಡಿದೆ. ಫಾಲ್ಕನ್ ಅಂಥದ್ದು. ಅದರ ಹೊರಮೈ ಚಿಕ್ಕದು, ಒಳಗಿರುವುದು ಮಾತ್ರ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂನ ಇಂಜಿನ್ನೇ. ಪುಟಗಳೆಲ್ಲ ಸರಿಯಾಗಿ ಕಾಣುತ್ತವೆ, ಭಾರವೂ ಅಷ್ಟೇ ಇರುತ್ತದೆ. 2 ಜಿಬಿ ಯಂತ್ರಕ್ಕೆ ಅದರಿಂದ ಹೆಚ್ಚಿನ ಉಪಕಾರವಾಗಲಿಲ್ಲ, ಏಕೆಂದರೆ ಸ್ಮೃತಿಯನ್ನು ನುಂಗುವುದು ಬಹುಮಟ್ಟಿಗೆ ಪುಟದೊಳಗಿನ ಸ್ಕ್ರಿಪ್ಟು ಮತ್ತು ಅದನ್ನು ನಡೆಸುವ ಇಂಜಿನ್ನು. ಮೇಲಿನ ಮೆನು, ಗುಂಡಿಗಳಲ್ಲ. ಒಪೆರಾ 2013ರಲ್ಲಿ ತನ್ನ ಸ್ವಂತ ಇಂಜಿನ್ ಕೈಬಿಟ್ಟು ಕ್ರೋಮಿಯಂ ಹಿಡಿಯಿತು. 2020ರಲ್ಲಿ ಎಡ್ಜ್ ಕೂಡ ಅದೇ ದಾರಿ ಹಿಡಿಯಿತು. ಇಂಥ ಕಾಲದಲ್ಲಿ ಸ್ವಂತ ಇಂಜಿನ್ನನ್ನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಕೆಲವೇ ಜನರ ಮೇಲೆ ನನಗೆ ದೊಡ್ಡ ಗೌರವವಿದೆ. ಮೆನು ಮೆಟ್ಟಿಲಾದರೂ ಸಹಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಕನ್ನಡ ಟೈಪ್ ಮಾಡುವ ಬಗ್ಗೆ ಒಂದು ಮಾತು. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಹುಡುಕಾಟದ ಪೆಟ್ಟಿಗೆಯಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ. ಆದರೆ ಉದ್ದ ಪಠ್ಯವನ್ನು ತಿದ್ದುವಾಗ ಕರ್ಸರ್ ಇಡೀ ಅಕ್ಷರವನ್ನು ದಾಟದೆ ಸಂಕೇತದಿಂದ ಸಂಕೇತಕ್ಕೆ ಹೆಜ್ಜೆ ಹಾಕುತ್ತದೆ. ‘ಸ್ತ್ರೀ’ ಎಂಬ ಒಂದು ಅಕ್ಷರ ದಾಟಲು ಬಾಣದ ಕೀಲಿಯನ್ನು ಆರು ಸಲ ಒತ್ತಬೇಕು, ನಡುವೆ ಅಳಿಸಿದರೆ ಒತ್ತು ಹೋಗಿ ಹಲಂತ ಉಳಿಯುತ್ತದೆ. ವಿಕಿಪೀಡಿಯದಲ್ಲಿ ಏನಾದರೂ ತಿದ್ದುವುದಿದ್ದರೆ ಪಠ್ಯವನ್ನು ಸಂಪಾದಕ ತಂತ್ರಾಂಶಕ್ಕೆ ನಕಲಿಸಿ, ಅಲ್ಲಿ ಸರಿಪಡಿಸಿ, ಮತ್ತೆ ಅಂಟಿಸುತ್ತೇನೆ.

ಹಾಕಿಕೊಳ್ಳುವವರಿಗೆ: ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಇದು ನೆಟ್‌ಸರ್ಫ್-ಜಿಟಿಕೆ ಎಂಬ ಹೆಸರಿನಲ್ಲಿ ಸಿಗುತ್ತದೆ. ಮೊದಲು ಒಂದಾದರೂ ಒಳ್ಳೆಯ ಕನ್ನಡ ಅಕ್ಷರಶೈಲಿ ಇರಲಿ. ಗುಬ್ಬಿ ಅಥವಾ ನೋಟೊ ಸಾನ್ಸ್ ಕನ್ನಡ ಸಾಕು, ನನಗೆ ಓದಲು ಗುಬ್ಬಿಯೇ ಇಷ್ಟ. ಆಮೇಲೆ ಜಾವಾಸ್ಕ್ರಿಪ್ಟ್ ನಿಲ್ಲಿಸಿ. ಪುಟಗುರುತುಗಳನ್ನು ಇದು ‘ಹಾಟ್‌ಲಿಸ್ಟ್’ ಎಂದು ಕರೆಯುತ್ತದೆ. ನನ್ನದರಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಪುಟಗಳಿವೆ. ದೊಡ್ಡ ಬ್ರೌಸರ್ ಅನ್ನು ಮಾತ್ರ ಯಂತ್ರದಿಂದ ತೆಗೆದುಹಾಕಬೇಡಿ.