ಸಡಿಲಗೊಂಡ ಪೀಠೋಪಕರಣಕ್ಕೆ ಬಿಳಿ ಅಂಟು: ಒಂದು ವಾರಾಂತ್ಯದ ಬಳಕೆಯ ವಿಮರ್ಶೆ

ಮನೆಯಲ್ಲಿ ಬೇಡದ್ದನ್ನು ವಿಲೇವಾರಿ ಮಾಡಲು ಹೊರಟಾಗ ಎಲ್ಲಕ್ಕಿಂತ ಹೆಚ್ಚು ಕಾಡುವುದು, ಎಂದಾದರೂ ರಿಪೇರಿ ಮಾಡೋಣವೆಂದು ಮೂಲೆಗೆ ಸರಿಸಿಟ್ಟ ಸಾಮಾನುಗಳು. ಕಾಲು ಅಲುಗಾಡುವ ಕುರ್ಚಿ, ತಳ ಕಳಚಿಕೊಂಡ ಡ್ರಾಯರ್, ಅಂಚಿನಲ್ಲಿ ಪದರ ಎದ್ದ ಮೇಜು, ಇವನ್ನು ಎಸೆಯಲು ಮನಸ್ಸು ಬರುವುದಿಲ್ಲ, ನೆಚ್ಚಿಕೊಂಡು ಬಳಸಲೂ ಆಗುವುದಿಲ್ಲ. ಇಂಥವುಗಳ ಹಣೆಬರಹವನ್ನು ಒಂದೇ ವಾರಾಂತ್ಯದಲ್ಲಿ ತೀರ್ಮಾನಿಸಲು ನಾನು ಮರಗೆಲಸದ ಬಿಳಿ ಅಂಟನ್ನು ಬಳಸಿದೆ. ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಹರಡಿಕೊಂಡಿರುವ ಈ ಅಂಟನ್ನು ಸಂಕ್ಷಿಪ್ತವಾಗಿ ಪಿವಿಎ ಎನ್ನುತ್ತಾರೆ. ಗಟ್ಟಿ ಮರದ ಸಾಮಾನಿಗೆ, ಅದರಲ್ಲೂ ಸಂದು ಸಡಿಲಾದ ಕುರ್ಚಿಗೆ, ಮನೆಯಲ್ಲೇ ಕೆಲಸ ಮಾಡುವವರು ಬೇರೆ ಅಂಟನ್ನು ಹುಡುಕಬೇಕಾದ ಅಗತ್ಯ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಅಂಟು ಹಾಕುವ ಷರತ್ತುಗಳನ್ನು ಒಪ್ಪಿಕೊಳ್ಳದವರಿಗೆ ಅದು ನಿರಾಶೆಯನ್ನೇ ಕೊಡುತ್ತದೆ.

ಮೊದಲ ಷರತ್ತು, ಮರ ಬರಿದಾಗಿರಬೇಕು. ಕುರ್ಚಿಯ ಸಂದು ಸಡಿಲಾಗಲು ಅಂಟು ಹಳೆಯದಾದದ್ದೊಂದೇ ಕಾರಣವಲ್ಲ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗು ನಾರಿಗೆ ಅಡ್ಡಲಾಗಿ ಗಣನೀಯವಾಗಿರುತ್ತದೆ, ನಾರಿನ ಉದ್ದಕ್ಕೆ ಬಹುತೇಕ ಇರುವುದೇ ಇಲ್ಲ. ತೇವದ ದಿನಗಳಲ್ಲಿ ಅಡ್ಡಪಟ್ಟಿಯ ತುದಿ ಕಾಲಿನ ತೂತಿನೊಳಗೆ ಹಿಗ್ಗಲು ಜಾಗವಿಲ್ಲದೆ ನಾರುಗಳು ಜಜ್ಜಿಹೋಗುತ್ತವೆ, ಒಣ ದಿನಗಳು ಬಂದಾಗ ಅದು ಮೊದಲಿನ ಗಾತ್ರಕ್ಕಿಂತಲೂ ಸಣ್ಣದಾಗುತ್ತದೆ, ಹೀಗೆ ವರ್ಷ ಕಳೆದಂತೆ ಸಂದಿನಲ್ಲಿ ಎಡೆ ಬೀಳುತ್ತದೆ. ಆ ಎಡೆಗೆ ಹೊರಗಿನಿಂದ ಒಂದಿಷ್ಟು ಅಂಟು ಸುರಿದು ಬಿಡುವುದು ಎಲ್ಲರೂ ಮಾಡುವ ಕೆಲಸ, ಅದರಿಂದ ಪ್ರಯೋಜನವಿಲ್ಲ. ಪಿವಿಎ ಹಿಡಿಯುವುದು ಮರದ ನಾರಿನೊಳಕ್ಕೆ ಇಳಿದಾಗ ಮಾತ್ರ. ಒಣಗಿದ ಹಳೆಯ ಅಂಟಿನ ಪದರದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ.

ಹಾಗಾಗಿ ಸಂದನ್ನು ಪೂರ್ತಿ ಬಿಚ್ಚಲೇಬೇಕು. ನಾನು ಕೈಗೆತ್ತಿಕೊಂಡ ಕುರ್ಚಿಯ ಹಿಂಗಾಲಿನ ಅಡ್ಡಪಟ್ಟಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರತೆಗೆದಾಗ, ತುದಿಯ ಸುತ್ತ ಕಂದುಬಣ್ಣದ, ಗಾಜಿನಂತೆ ಹೊಳೆಯುವ ತೆಳುಪದರ ಕಾಣಿಸಿತು. ಉಗುರುಬೆಚ್ಚಗಿನ ನೀರಿನ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟಾಗ ಅದು ಬೆರಳಿಗೆ ಅಂಟತೊಡಗಿತು. ಪ್ರಾಣಿಯ ಚರ್ಮ, ಮೂಳೆಗಳಿಂದ ಕಾಯಿಸಿ ತೆಗೆಯುವ ಸರೇಸಿನ ಗುರುತು ಇದೇ. ಉಳಿಯ ಅಂಚಿನಿಂದ ಅದನ್ನು ಕೆರೆದು, ತೂತಿನ ಒಳಗೋಡೆಯನ್ನು ಮರಳು ಕಾಗದದಿಂದ ಹದವಾಗಿ ಉಜ್ಜಿದೆ. ಮರ ಬರಿದಾಗಿದೆಯೇ ಎಂದು ತಿಳಿಯಲು ಒಂದು ಹನಿ ನೀರು ಸಾಕು: ಹನಿ ಗುಂಡಗೆ ನಿಂತರೆ ಅಲ್ಲಿ ಇನ್ನೂ ಅಂಟು ಉಳಿದಿದೆ, ಹೀರಿಕೊಂಡು ಕಪ್ಪಾದರೆ ಮರ ಸಿದ್ಧವಾಗಿದೆ. ಉಜ್ಜುವಾಗ ಮರವನ್ನೇ ಸವೆಸಿಬಿಟ್ಟರೆ ಸಂದು ಮತ್ತಷ್ಟು ಸಡಿಲವಾಗುವುದರಿಂದ ಇಲ್ಲಿ ಅವಸರ ಸಲ್ಲದು. ಇಡೀ ರಿಪೇರಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಈ ಶುಚಿಗೆಲಸ, ಫಲಿತಾಂಶ ನಿಂತಿರುವುದೂ ಇದರ ಮೇಲೆಯೇ.

ಅಂಟು ಹಚ್ಚುವುದು ಮಾತ್ರ ಸುಲಭ. ಎರಡೂ ಮುಖಗಳಿಗೆ ತೆಳುವಾಗಿ ಸವರಿ, ಕೆಲವೇ ನಿಮಿಷಗಳಲ್ಲಿ ಜೋಡಿಸಿ, ತುಂಡುಗಳನ್ನು ಒತ್ತಿಹಿಡಿಯುವ ಸಾಧನವಾದ ಕ್ಲಾಂಪಿನಿಂದ ಬಿಗಿಯಬೇಕು. ಕ್ಲಾಂಪ್ ಇಲ್ಲದವರು ನಾಲ್ಕೂ ಕಾಲುಗಳಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದರೂ ಬೇಕಾದಷ್ಟು ಒತ್ತಡ ದೊರೆಯುತ್ತದೆ. ಬಿಗಿಯುವ ಮುನ್ನ ಕುರ್ಚಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನಾಲ್ಕು ಕಾಲೂ ಊರಿವೆಯೇ ಎಂದು ನೋಡುವುದು ಅಗತ್ಯ, ಏಕೆಂದರೆ ಅಂಟು ಹಿಡಿದ ಮೇಲೆ ಓರೆಯನ್ನು ತಿದ್ದಲಾಗದು. ಹೊರಚೆಲ್ಲಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿಬಿಡಬೇಕು. ಒಣಗಿದ ಅಂಟಿನ ಮೇಲೆ ಬಣ್ಣವಾಗಲಿ ಪಾಲಿಶ್ ಆಗಲಿ ಹಿಡಿಯುವುದಿಲ್ಲ. ನೀರಿನಲ್ಲೇ ಕೈ ತೊಳೆಯಬಹುದು, ಕಟುವಾದ ವಾಸನೆಯಿಲ್ಲ, ಮನೆಯೊಳಗೆ ಕುಳಿತು ಮಾಡುವ ಕೆಲಸಕ್ಕೆ ಇದು ಸಣ್ಣ ಅನುಕೂಲವೇನಲ್ಲ.

ಕ್ಲಾಂಪನ್ನು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಿಚ್ಚಬಹುದಾದರೂ, ಪೂರ್ಣ ಬಲ ಬರಲು 24 ಗಂಟೆ ಬೇಕು. ಈ ಕಾಯುವಿಕೆ ವಾರಾಂತ್ಯಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲ ದಿನದ ಬೆಳಿಗ್ಗೆಯೇ ಅಂಟಿನ ಕೆಲಸ ಮುಗಿಸಿದರೆ, ಅದು ಒಣಗುವ ಹೊತ್ತಿನಲ್ಲಿ ಕಪಾಟುಗಳನ್ನು ಖಾಲಿ ಮಾಡಿ ಬಟ್ಟೆ, ಪಾತ್ರೆ, ಕಾಗದಗಳನ್ನು ವಿಂಗಡಿಸಬಹುದು. ಮರುದಿನ ಕುರ್ಚಿಯ ಮೇಲೆ ಧೈರ್ಯವಾಗಿ ಕುಳಿತು ನೋಡಿ, ಉಳಿಸಿಕೊಳ್ಳುವುದೋ ಬೇರೆಯವರಿಗೆ ಕೊಡುವುದೋ ಎಂದು ತೀರ್ಮಾನಿಸಬಹುದು. ಗಟ್ಟಿಯಾದ ಕುರ್ಚಿಯನ್ನು ಇನ್ನೊಬ್ಬರಿಗೆ ಕೊಡಲು ಸಂಕೋಚವಾಗುವುದಿಲ್ಲ. ಅಲುಗಾಡುವುದನ್ನು ಕೊಡುವುದೆಂದರೆ ನಮ್ಮ ಹೊರೆಯನ್ನು ಅವರ ತಲೆಗೆ ಕಟ್ಟಿದಂತೆ, ಅದನ್ನು ನಾನು ಒಪ್ಪುವುದಿಲ್ಲ.

ಇನ್ನು ಕೊರತೆಗಳು. ಪಿವಿಎ ಎಡೆಯನ್ನು ತುಂಬುವ ಅಂಟಲ್ಲ. ಕಾಗದದ ದಪ್ಪಕ್ಕಿಂತ ಹೆಚ್ಚಿನ ಸಡಿಲಿದ್ದರೆ ತುದಿಗೆ ತೆಳುವಾದ ಮರದ ಸಿಪ್ಪೆ ಸುತ್ತಿ ಅಂಟಿಸಬೇಕು, ಇಲ್ಲವೇ ಎರಡು ಭಾಗ ಬೆರೆಸಿ ಬಳಸುವ ಎಪಾಕ್ಸಿಗೆ ಹೋಗಬೇಕು. ಸದಾ ಭಾರ ಹೊತ್ತಿರುವ ಸಂದಿನಲ್ಲಿ ಪಿವಿಎ ನಿಧಾನವಾಗಿ ಜಾರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಬಿಚ್ಚುವುದು ಕಷ್ಟ. ಸರೇಸಿನ ಸಂದನ್ನು ಬಿಸಿನೀರು, ಹಬೆಗಳಿಂದ ಮರಕ್ಕೆ ಹಾನಿಯಿಲ್ಲದೆ ಬಿಡಿಸಬಹುದಾದ್ದರಿಂದ, ತಲೆಮಾರುಗಳಿಂದ ಬಂದ ಬೆಲೆಬಾಳುವ ಸಾಮಾನಿಗೆ ಇಂದಿಗೂ ಅದೇ ಸರಿ. ಅಂಥದ್ದಕ್ಕೆ ಬಿಳಿ ಅಂಟು ಹಚ್ಚಿ ಮುಂದಿನ ರಿಪೇರಿಯನ್ನು ಕಠಿಣಗೊಳಿಸಬಾರದು. ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಕಪಾಟುಗಳ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿ. ಸ್ಕ್ರೂ ಕಿತ್ತುಬಂದ ತೂತಿಗೆ ಮರದ ಗೂಟವನ್ನು ಅಂಟಿಸಿ ಮತ್ತೆ ಸ್ಕ್ರೂ ಹಾಕಿದರೆ ಕೆಲಕಾಲ ನಿಲ್ಲುತ್ತದೆ. ನೀರು ಕುಡಿದು ಉಬ್ಬಿದ ಹಲಗೆಯನ್ನು ಮಾತ್ರ ಯಾವ ಅಂಟೂ ಹಿಂದಿನ ಸ್ಥಿತಿಗೆ ತರಲಾರದು. ಅದನ್ನು ಮತ್ತೆ ಮೂಲೆಗೆ ಸೇರಿಸದೆ ವಿಲೇವಾರಿ ಮಾಡುವುದೇ ಸರಿ.

ಕೊಳ್ಳುವವರು ಬಾಟಲಿಯ ಮೇಲಿನ ದರ್ಜೆಯನ್ನು ಗಮನಿಸಬೇಕು. ಯುರೋಪಿನ ಇಎನ್ 204 ಮಾನದಂಡ ಮರದ ಅಂಟುಗಳನ್ನು ನೀರು ತಡೆಯುವ ಶಕ್ತಿಗೆ ಅನುಗುಣವಾಗಿ ಡಿ1ರಿಂದ ಡಿ4ರವರೆಗೆ ವಿಂಗಡಿಸುತ್ತದೆ. ಕೋಣೆಯೊಳಗಿನ ಕುರ್ಚಿಗೆ ಡಿ2 ಸಾಕಾಗುತ್ತದೆ; ಅಡುಗೆಮನೆಯ ಮೇಜು, ಸ್ಟೂಲುಗಳಂಥ ಆಗಾಗ ನೀರು ತಗಲುವ ಸಾಮಾನಿಗೆ ಡಿ3 ಲೇಸು. ಹಲವು ರಿಪೇರಿಗಳಿಗೆ ಸಣ್ಣ ಬಾಟಲಿಯೇ ಸಾಕು, ಅಗ್ಗವೆಂದು ದೊಡ್ಡ ಡಬ್ಬಿ ತರಬೇಡಿ. ತೆರೆದ ಅಂಟು ಕಾಲಕ್ರಮೇಣ ದಪ್ಪಗಾಗುತ್ತದೆ, ಚಳಿಗೆ ಒಮ್ಮೆ ಹೆಪ್ಪುಗಟ್ಟಿದರೆ ಕೆಡಬಹುದು, ಗಂಟುಗಂಟಾಗಿ ಅಥವಾ ಎಳೆಎಳೆಯಾಗಿ ಬರತೊಡಗಿದ ಅಂಟನ್ನು ಕುರ್ಚಿಗೆ ಬಳಸಲೇಬಾರದು.