ರಬ್ಬರ್ ಕಪ್ಪೆ ಆದಮೇಲೆ ಡಾರ್ಕ್‌ಟೇಬಲ್‌ಗೆ ಬಂದೆ

ರಾ ಫೋಟೊ, ಅಂದರೆ ಕ್ಯಾಮೆರಾದ ಕಚ್ಚಾ ಫೈಲು, ತಿದ್ದಲು ಈಗ ನಾನು ತೆರೆಯುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್ ಮಾತ್ರ. ಅದಕ್ಕೂ ಮೊದಲು ಎರಡು ಮಳೆಗಾಲ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ರಾಥೆರಪಿಯಲ್ಲಿ ಕಳೆದಿದ್ದೇನೆ. ಎರಡೂ ಪುಕ್ಕಟೆ, ದುಡ್ಡು ಹೋಗಿದ್ದು ಪ್ರಿಂಟಿಗೆ.

ಆಗುಂಬೆಯಲ್ಲಿ ಜುಲೈನ ಒಂದು ರಾತ್ರಿ ಟಾರ್ಚ್ ಬೆಳಕಿಗೆ ಹಾರುವ ಕಪ್ಪೆ ಸಿಕ್ಕಿತ್ತು. ಐಎಸ್‌ಒ 6400, ಅಂದರೆ ಕತ್ತಲಿಗೆಂದು ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ ಬಹಳ ಏರಿಸಿದ್ದೆ. ಹಸಿರು ಮೈ, ಬೆರಳ ಸಂದಿಯ ಕೆಂಪು ಪೊರೆ ಎಲ್ಲ ಬಂದಿತ್ತು, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ. ಇಡೀ ಚಿತ್ರವನ್ನು ಪರದೆಯಲ್ಲಿಟ್ಟುಕೊಂಡು ರಾಥೆರಪಿಯ ನಾಯ್ಸ್ ರಿಡಕ್ಷನ್ ಸ್ಲೈಡರ್ ಎಳೆದೆ. ಏನೂ ಆಗಲಿಲ್ಲ. ಇನ್ನೂ ಎಳೆದೆ. ಊಹ್ಞೂಂ. ಹಟಕ್ಕೆ ಬಿದ್ದು ತುದಿಯವರೆಗೂ ಎಳೆದು, ಹಾಗೇ ಎಕ್ಸ್‌ಪೋರ್ಟ್ ಮಾಡಿ, ಶಿವಮೊಗ್ಗದಲ್ಲಿ 12×18 ಪ್ರಿಂಟ್ ಹಾಕಿಸಿಕೊಂಡು ಬಂದೆ.

ಭಾವ ಕೈಗೆತ್ತಿಕೊಂಡವರೇ, “ಇದೇನು, ಸಾಗರದ ಮಾರಿಜಾತ್ರೆಲಿ ತಂದ ರಬ್ಬರ್ ಕಪ್ಪೆಯಾ?” ಅಂದರು. ನಿಜ, ಚರ್ಮದ ಮೇಲೆ ಒಂದು ಚುಕ್ಕೆಯೂ ಉಳಿದಿರಲಿಲ್ಲ.

ನನ್ನ ಉಬುಂಟು 22.04 ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸಿಗುವ ರಾಥೆರಪಿ 5.8 ಆವೃತ್ತಿಯಲ್ಲಿ ಆ ಟೂಲಿನ ಪರಿಣಾಮ ಕಾಣುವುದು 100%ಗೆ ಹಿಗ್ಗಿಸಿದಾಗ ಮಾತ್ರ. ಹೆಸರಿನ ಪಕ್ಕದಲ್ಲೇ ‘1:1’ ಅಂತ ಪುಟ್ಟ ಗುರುತಿತ್ತು. ನನ್ನ ಕಣ್ಣಿಗೆ ಅದು ಬಿದ್ದಿದ್ದು ಪ್ರಿಂಟಿಗೆ ದುಡ್ಡು ಕೊಟ್ಟಮೇಲೆ.

ಡಾರ್ಕ್‌ಟೇಬಲ್‌ನ ಡಿನಾಯ್ಸ್ ಪ್ರೊಫೈಲ್ಡ್ ಅನ್ನುವ ನಾಯ್ಸ್ ತೆಗೆಯುವ ಟೂಲು ನಮ್ಮ ಕ್ಯಾಮೆರಾ ಯಾವುದು, ಐಎಸ್‌ಒ ಎಷ್ಟು ಅಂತ ನೋಡಿಕೊಂಡು ತಾನೇ ಅಳತೆ ಹಾಕುತ್ತದೆ. ಆನ್ ಮಾಡಿದ ಕೂಡಲೇ ಚಿತ್ರ ಬದಲಾಗುವುದು ಕಾಣುತ್ತದೆ. ಅಲ್ಲೂ ಕೊನೆಗೊಮ್ಮೆ 100%ಗೆ ಹೋಗಿ ನೋಡಲೇಬೇಕು, ಆದರೆ ಕುರುಡಾಗಿ ಎಳೆಯುವ ಕಷ್ಟ ಇಲ್ಲ.

ಡಾರ್ಕ್‌ಟೇಬಲ್‌ನ ಇನ್ನೊಂದು ಅನುಕೂಲ ಮಾಸ್ಕ್, ಅಂದರೆ ಚಿತ್ರದ ಒಂದು ಭಾಗವನ್ನಷ್ಟೇ ತಿದ್ದುವುದು. ಕುಂದಾದ್ರಿ ಬೆಟ್ಟದ ಬೆಳಗಿನ ಮಂಜನ್ನು ಮುಟ್ಟದೆ ಕೆಳಗಿನ ಕಾಡನ್ನಷ್ಟೇ ಗಾಢ ಮಾಡಲು ಒಂದು ಗೆರೆ ಎಳೆದರೆ ಸಾಕು. ರಾಥೆರಪಿಗೆ ಇದೇ ಕೆಲಸದ ಲೋಕಲ್ ಅಡ್ಜಸ್ಟ್‌ಮೆಂಟ್ಸ್ ಬಂದಿದ್ದು ನನ್ನದರ ನಂತರದ 5.9ರಲ್ಲಿ. ಮಂಜು ಅಳಿಸುವ ಹೇಜ್ ರಿಮೂವಲ್ ಎರಡರಲ್ಲೂ ಇದೆ. ಮಂಜು ತೆಗೆದ ಮಲೆನಾಡನ್ನು ಏನು ಮಾಡಲಿ?

ಮಸುಕಾದ ವಿವರವನ್ನು ಚೂಪು ಮಾಡುವ ರಾಥೆರಪಿಯ ಕ್ಯಾಪ್ಚರ್ ಶಾರ್ಪನಿಂಗ್ ಮಾತ್ರ ಈಗಲೂ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ. ಫೈಲ್ ತೆರೆದ ತಕ್ಷಣ ಕ್ಯಾಮೆರಾದ ಜೆಪೆಗ್‌ಗೆ ಹತ್ತಿರದ ಬಣ್ಣವನ್ನೂ ರಾಥೆರಪಿ ಕೊಡುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಚಿತ್ರ ಮೊದಲಿಗೆ ಸಪ್ಪೆ. ಫೋಲ್ಡರನ್ನು ಹೊರಗಿನಿಂದ ಬೇರೆ ಕಡೆಗೆ ಸರಿಸಿದರಂತೂ ಚಿತ್ರದ ಜಾಗದಲ್ಲಿ ತಲೆಬುರುಡೆ ತೋರಿಸುತ್ತದೆ.

ಮದುವೆ ಫೋಟೊ ತೆಗೆದು ಸಂಜೆಯೊಳಗೆ ಕೊಡಬೇಕಾದವರಿಗೆ ರಾಥೆರಪಿಯೇ ಸರಿ ಅನ್ನಿ. ನಾನು ಒಂದು ರಾತ್ರಿ ಕೂತು ತಿದ್ದುವುದು ನಾಲ್ಕೈದು ಚಿತ್ರ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಡಾರ್ಕ್‌ಟೇಬಲ್ ಎಕ್ಸ್‌ಪೋರ್ಟ್‌ಗೆ ಹಾಕಿ ಕಷಾಯಕ್ಕೆ ನೀರಿಡುತ್ತೇನೆ.