ಬಳಸಿದ ಗಿಟಾರ್ ಕೊಳ್ಳುವವರು ಮೊದಲು ಟ್ಯೂನರ್ ಹಚ್ಚಿ ನೋಡಿ

ಹತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಿರುವ ನಾನು ಹೀಗೆ ಮೋಸಹೋದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಬಳಸಿದ ಗಿಟಾರ್ ಮಾರಿದ ಅದೇ ಮನುಷ್ಯ ಅದೇ ಮಾತುಗಳಲ್ಲಿ ಮತ್ತೊಂದು ಗಿಟಾರಿನ ಜಾಹೀರಾತು ಹಾಕಿರುವುದನ್ನು ನಿನ್ನೆ ಕಂಡೆ.

"ಸಾಲಿಡ್ ಸ್ಪ್ರೂಸ್ ಟಾಪ್, ಬೆಣ್ಣೆಯಂಥ ಆಕ್ಷನ್" ಎಂದು ಅವರು ಜಾಹೀರಾತಿನಲ್ಲಿ ಬರೆದಿದ್ದರು. ಅಂದರೆ ಮೇಲ್ಹಲಗೆ ಪದರಗಳಿಲ್ಲದ ಅಪ್ಪಟ ಸ್ಪ್ರೂಸ್ ಮರದ್ದು, ತಂತಿಗಳು ತಗ್ಗಾಗಿದ್ದು ಒತ್ತಲು ಹಗುರ ಎಂದು. ನಾನು ಹೋಗುವಷ್ಟರಲ್ಲಿ ಗಿಟಾರನ್ನು ಶ್ರುತಿ ಮಾಡಿ ಇಟ್ಟಿದ್ದರು. ದಯವಿಟ್ಟು ಇದನ್ನು ಗಮನಿಸಿ: ನಾನು ಹೋಗುವಷ್ಟರಲ್ಲಿಯೇ ಶ್ರುತಿ ಮಾಡಿ ಇಟ್ಟಿದ್ದರು. ಮೊದಲು ಅವರೇ ಕೈಗೆತ್ತಿಕೊಂಡು ಗಿಟಾರಿನ ಕತ್ತಿನ (ನೆಕ್) ಮೇಲಿನ ಲೋಹದ ಅಡ್ಡಪಟ್ಟಿಗಳ ಪೈಕಿ ಮೊದಲ ಮೂರು ಫ್ರೆಟ್‌ಗಳೊಳಗಿನ ಕಾರ್ಡ್‌ಗಳನ್ನಷ್ಟೇ ನುಡಿಸಿದರು. ನಾನೂ ಮೂರ್ಖನಂತೆ ಅಷ್ಟನ್ನೇ ನುಡಿಸಿ, ತಂತಿಗಳು ಬೆರಳಿಗೆ ಮೆತ್ತಗೆ ಸಿಕ್ಕವೆಂದು ಹಿಗ್ಗಿ, ಚೌಕಾಸಿಯನ್ನೂ ಮಾಡದೆ ಹಣ ಎಣಿಸಿಕೊಟ್ಟು ಬಂದೆ.

ಮನೆಯಲ್ಲಿ ಶ್ರುತಿ ತೋರಿಸುವ ಟ್ಯೂನರ್ ಹಚ್ಚಿ ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯನ್ನು ಮೀಟಿದರೆ ಇ ಸ್ವರ ಬರಬೇಕಾದಲ್ಲಿ ಅದಕ್ಕಿಂತ ತಗ್ಗಿನ ಡಿ ತೋರಿಸಿತು. ಟ್ಯೂನರ್‌ನ ಬ್ಯಾಟರಿ ಹೋಗಿರಬೇಕೆಂದುಕೊಂಡು ಫೋನಿನಲ್ಲಿ ನೋಡಿದೆ, ಅಲ್ಲಿಯೂ ಡಿ. ಆರೂ ತಂತಿಗಳನ್ನು ಎರಡು ಫ್ರೆಟ್‌ಗಳಷ್ಟು ಇಳಿಸಿಟ್ಟಿದ್ದರು! ಬೆಣ್ಣೆಯ ಗುಟ್ಟು ಇಷ್ಟೇ, ಸಡಿಲ ತಂತಿಗಳು. ಸರಿಯಾದ ಶ್ರುತಿಗೆ ಏರಿಸಿದಂತೆ ತಂತಿಗಳು ಮೇಲೆದ್ದವು. 12ನೆಯ ಫ್ರೆಟ್ ಬಳಿ ದಪ್ಪ ತಂತಿಯ ಎತ್ತರ ಸುಮಾರು 2.5 ಮಿ.ಮೀ. ಇರಬೇಕಾದಲ್ಲಿ 4 ಮಿ.ಮೀ. ಇತ್ತು. ತಂತಿಗಳನ್ನು ಹಿಡಿದಿಡುವ, ಮೇಲ್ಹಲಗೆಗೆ ಅಂಟಿಸಿದ ಬ್ರಿಜ್‌ನ ಹಿಂಬದಿಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಹಾಳೆಯೊಂದರ ಅಂಚನ್ನು ಅಲ್ಲಿಗೆ ಹಿಡಿದೆ. ಅದು ಯಾವ ತಡೆಯೂ ಇಲ್ಲದೆ ಬ್ರಿಜ್‌ನ ಅಡಿಗೆ ಜಾರಿಹೋಯಿತು. ಅಂದರೆ ಬ್ರಿಜ್ ಅಂಟು ಬಿಟ್ಟಿತ್ತು. ಆ ಹಾಳೆಯನ್ನು ಹೊರಗೆಳೆದು ಮತ್ತೆ ತೂರಿಸಿ, ಮತ್ತೆ ಎಳೆದು, ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ.

ಫೋನ್ ಮಾಡಿದರೆ, "ಟ್ರಸ್ ರಾಡ್ ಸ್ವಲ್ಪ ತಿರುಗಿಸಿ ಸಾರ್, ಸರಿಹೋಗುತ್ತದೆ" ಎಂದರು. ಟ್ರಸ್ ರಾಡ್ ಎಂಬುದು ನೆಕ್ ಒಳಗಿನ ಸರಳು. ಅದು ನೆಕ್‌ನ ಬಾಗನ್ನು ತಿದ್ದುತ್ತದೆಯೇ ಹೊರತು, ನೆಕ್ ಕೂತಿರುವ ಕೋನವನ್ನಲ್ಲ. ಇಲ್ಲಿ ಕೆಟ್ಟಿದ್ದುದು ಆ ಕೋನವೇ. ಬ್ರಿಜ್ ಮೇಲೆ ತಂತಿಗಳು ಒರಗುವ ಪಟ್ಟಿಯಾದ ಸ್ಯಾಡಲನ್ನು ತಗ್ಗಿಸೋಣವೆಂದರೆ ಅದನ್ನು ಆಗಲೇ ಉಜ್ಜಿ ಉಜ್ಜಿ ಬ್ರಿಜ್‌ನ ಮಟ್ಟಕ್ಕೆ ತಂದಿದ್ದರು. ಅಂದರೆ ಈ ರೋಗ ಅವರಿಗೆ ಮೊದಲೇ ಗೊತ್ತಿತ್ತು. ನೆಕ್ ಬಿಚ್ಚಿ ಮತ್ತೆ ಕೂರಿಸುವ ಖರ್ಚಿನಲ್ಲಿ ಇಂಥದೇ ಇನ್ನೊಂದು ಗಿಟಾರ್ ಬರುತ್ತದೆ ಎಂದ ರಿಪೇರಿಯವರು, ಮೇಲ್ಹಲಗೆಯ ನಡುವಿನ ದುಂಡು ತೂತಾದ ಸೌಂಡ್ ಹೋಲ್‌ನ ಅಂಚಿಗೆ ಟಾರ್ಚ್ ಹಿಡಿದು ತೋರಿಸಿದರು. ಒಂದೇ ಮರದ ಹಲಗೆಯಾಗಿದ್ದರೆ ಮೇಲಿನ ಗೆರೆಗಳು ಅಂಚಿನಲ್ಲಿಯೂ ಹಾಗೆಯೇ ಇಳಿಯಬೇಕು. ಇಲ್ಲಿ ಅಂಟಿಸಿದ ಮೂರು ಪದರಗಳು ಎಣಿಸಲು ಸಿಗುತ್ತಿದ್ದವು. ಆ ಚಿತ್ರವನ್ನು ಕಳುಹಿಸಿದ್ದಕ್ಕೆ ಬಂದ ಉತ್ತರ: "ಸಾಲಿಡ್ ಎಂದರೆ ಗಟ್ಟಿಮುಟ್ಟಾಗಿದೆ ಎಂಬ ಅರ್ಥದಲ್ಲಿ ಬರೆದೆ ಸಾರ್."

ಗಟ್ಟಿಮುಟ್ಟು! ಈ ಮಾತನ್ನು ನೆನೆದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಆದ್ದರಿಂದ ನಿಮ್ಮದೇ ಟ್ಯೂನರ್ ಒಯ್ಯಿರಿ, ಅವರ ಎದುರಿಗೇ ಶ್ರುತಿ ಏರಿಸಿ, 12ನೆಯ ಫ್ರೆಟ್ ಒತ್ತಿ ಬಂದ ಸ್ವರವೂ ಅಲ್ಲಿಯೇ ಬೆರಳು ಸೋಕಿಸಿ ತೆಗೆದ ಹಾರ್ಮೋನಿಕ್ ಸ್ವರವೂ ಒಂದೇ ಆಗಿವೆಯೇ ಎಂದು ಕಿವಿಗೊಟ್ಟು ನೋಡಿ. ಅವರಿಗೆ ಬೇಸರವಾದರೆ ಆಗಲಿ. ನಾನು ಸಂಕೋಚಪಟ್ಟು ಅಳೆಯದೆ ಬಂದದ್ದಕ್ಕೆ ಅವರು ಕೊನೆಯದಾಗಿ ಹೇಳಿದ್ದು, "ನೀವೇ ನುಡಿಸಿ ನೋಡಿ ತಾನೇ ಒಯ್ದಿರಿ?" ಎಂದು. ಅದಕ್ಕೆ ಏನು ಹೇಳಬೇಕೋ ತೋಚದೆ ಫೋನ್ ಇಟ್ಟೆ.